ದರ್ಜಿಗೆ ಸಿಕ್ಕ ನಾಲ್ಕು ಮಾತು

ಬುಧವಾರ ಸಂಜೆ ಎಂಟು ಗಂಟೆಯಾಯಿತೆಂದರೆ ಇಬಾದಾನಿನ ಕಳ್ಳರು ಕೂಡ ಕೆಲಸಕ್ಕೆ ರಜೆ ಹಾಕಿ ಟೀವಿ ಮುಂದೆ ಕೂರುತ್ತಾರೆ ಎಂದು ಊರಲ್ಲೊಂದು ನಗೆಮಾತಿತ್ತು. ಆ ಹೊತ್ತಿಗೆ ‘ಇನ್ಸ್‌ಪೆಕ್ಟರ್ ಅರೆಮು’ ಧಾರಾವಾಹಿ ಬರುತ್ತಿತ್ತು. ಕರೆಂಟು ಹೋದರೆ ಟ್ಯಾಕ್ಸಿಯವರು ಬ್ಯಾಟರಿ ಬಿಚ್ಚಿ ತಂದು ಟೀವಿಗೆ ಸಿಕ್ಕಿಸುತ್ತಿದ್ದರು. ವಠಾರಕ್ಕೊಂದು ಟೀವಿ. ಅದರ ಮುಂದೆ ಚಾಪೆಯ ಮೇಲೆ ಮಕ್ಕಳು, ಬೆಂಚಿನ ಮೇಲೆ ದೊಡ್ಡವರು, ಕಿಟಕಿಯಲ್ಲಿ ದಾರಿಹೋಕರು.

ಅದನ್ನು ಬರೆಯುತ್ತಿದ್ದವಳು ಇಬಿದುನ್ ಎಂಬ ಹೆಂಗಸು ಎನ್ನುವುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ನಲವತ್ತೆರಡರ ವಿಧವೆ. ಹಿಂದೆ ಹೆಣ್ಣುಮಕ್ಕಳ ಶಾಲೆಯಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದವಳು. ಆರು ವರ್ಷದಿಂದ ವಾರಕ್ಕೊಂದು ಕೊಲೆ, ಕಳವು ಬರೆದೂ ಬರೆದೂ ಅವಳ ಬಲಗೈಯ ನಡುಬೆರಳು ಕಾಯಿಕಟ್ಟಿತ್ತು. ಅವಳ ಅರೆಮು ಲಂಚ ಮುಟ್ಟುತ್ತಿರಲಿಲ್ಲ, ಸುಳ್ಳಾಡುತ್ತಿರಲಿಲ್ಲ, ಒಂದು ದಿನವೂ ತಪ್ಪು ಮನುಷ್ಯನ ಕೈಗೆ ಬೇಡಿ ಹಾಕಿರಲಿಲ್ಲ. ಪ್ರೇಕ್ಷಕರ ಕಾಗದಗಳು ಚೀಲಗಟ್ಟಲೆ ಬರುತ್ತಿದ್ದವು. ಸಾವಿರದ ಒಂಬೈನೂರ ಎಂಬತ್ತಮೂರರ ಮೇ ತಿಂಗಳಲ್ಲಿ ಬಂದ ಒಂದು ಕಾಗದ ಅವಳ ನೆಮ್ಮದಿ ಕೆಡಿಸಿತು. ಬರೆದವಳು ಒಬ್ಬ ಮುದುಕಿ: ‘ನಿಮ್ಮ ಅರೆಮುವನ್ನು ನೋಡಿ ಪೊಲೀಸರು ಒಳ್ಳೆಯವರು ಅಂತ ನಂಬಿದೆ. ಮಗನನ್ನು ಕರೆಯಲು ಬಂದಾಗ ನಾನೇ ಬಾಗಿಲು ತೆಗೆದೆ. ಅವನು ಇನ್ನೂ ಬಂದಿಲ್ಲ.’

ಕಾಗದವನ್ನು ಅವಳು ಮಡಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿಟ್ಟಳು. ಕೂತಲ್ಲಿ ಕೂರಲಾಗಲಿಲ್ಲ. ಕೊಳಕು ಗೋಡೆಗೆ ವಾರವಾರ ಸುಣ್ಣ ಬಳಿಯುತ್ತಿದ್ದೇನೆಯೇ ಎಂಬ ಯೋಚನೆ ಹೊಕ್ಕಿತು. ಹೊಕ್ಕದ್ದು ಹೊರಡಲಿಲ್ಲ.

ಆ ವಾರವೇ ಅಭ್ಯಾಸದ ಕೋಣೆಯಲ್ಲಿ ಇನ್ನೊಂದು ನಡೆಯಿತು. ಅರೆಮುವಿನ ಪಾತ್ರ ಮಾಡುತ್ತಿದ್ದ ಲಾವುಯಿ ಎತ್ತರದ ಆಳು, ಗಡಸು ದನಿ, ಮಗುವಿನ ಮನಸ್ಸು. ಆರೋಪಿಯ ಮುಂದೆ ಖಾಲಿ ಕಾಗದ ಇಟ್ಟು “ಬರಿ!” ಎಂದು ಅವನು ಗದರಿದ. ಮೂಲೆಯ ಕುರ್ಚಿಯಲ್ಲಿ ಕೋಲಾಕಾಯಿ ಜಗಿಯುತ್ತ ಕೂತಿದ್ದ ಬುಸಾರಿ ನಕ್ಕುಬಿಟ್ಟ. ಬುಸಾರಿ ನಿವೃತ್ತ ಪೊಲೀಸು. ಬೇಡಿ ಹೇಗೆ ಹಾಕಬೇಕು, ಸಲಾಮು ಹೇಗೆ ಹೊಡೆಯಬೇಕು ಎಂದು ನಟರಿಗೆ ಹೇಳಿಕೊಡಲು ಅವನನ್ನು ಇಟ್ಟುಕೊಂಡಿದ್ದರು.

“ಉಲ್ಟಾ ಮಾಡ್ತಿದೀಯಲ್ಲಯ್ಯ,” ಎಂದ. “ಕಾಗದ ಮೊದಲೇ ಬರೆದಿಟ್ಟಿರ್ತೀವಿ. ಆಮೇಲೆ ಹೊಡೆಯೋದು. ಹೆಬ್ಬೆಟ್ಟು ಒತ್ತೋದಷ್ಟೇ ಅವನ ಕೆಲಸ.”

ಎಲ್ಲರೂ ನಕ್ಕರು. ಇಬಿದುನ್ ನಗಲಿಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನ ತಟ್ಟೆಯ ಎದುರೇ ತನ್ನ ತಟ್ಟೆ ಇಟ್ಟುಕೊಂಡು ಕೂತಳು. ಬಿಸಿ ಅಮಾಲಾ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದುತ್ತ ಕೇಳಿದಳು: “ಬಾಬಾ, ಹಂಗೆ ಯಾರಿಗೆ ಮಾಡಿದ್ರಿ?”

“ಯಾರಿಗೆ ಮಾಡಿಲ್ಲ ಅಂತ ಕೇಳು, ಲೆಕ್ಕ ಸುಲಭ,” ಎಂದ ಮುದುಕ. ಆಮೇಲೆ ಅವನ ಕೈ ಮುದ್ದೆಯಲ್ಲೇ ನಿಂತಿತು. “ಒಬ್ಬ ದರ್ಜಿ ಇದ್ದ.”

ಅರವತ್ತೈದನೆಯ ಇಸವಿಯ ಕೊನೆ. ಪಕ್ಷಗಳು ಕಚ್ಚಾಡಿಕೊಂಡು ಊರೂರಲ್ಲಿ ಮನೆಗಳ ಮೇಲೆ ಪೆಟ್ರೋಲು, ಸೀಮೆಎಣ್ಣೆ ಸುರಿದು ಬೆಂಕಿ ಇಡುತ್ತಿದ್ದ ಕಾಲ. ಇಬಾದಾನಿನ ಓಜೆ ಕೇರಿಯ ಒಂದು ಮನೆಯಲ್ಲಿ ಮುದುಕಿಯೊಬ್ಬಳು ಸುಟ್ಟು ಸತ್ತಳು. ಹಚ್ಚಿದವರು ಚೀಫ್ ಆದಿಗುನ್ ಎಂಬ ರಾಜಕಾರಣಿಯ ಆಳುಗಳು, ಹಚ್ಚಿಸಿದವನು ಆದಿಗುನ್ನೇ. ಠಾಣೆಯ ಕಸ ಗುಡಿಸುವವನಿಗೂ ಅದು ಗೊತ್ತಿತ್ತು. ಮೇಲಿನಿಂದ ಮಾತು ಬಂತು: ಶುಕ್ರವಾರದೊಳಗೆ ಫೈಲು ಮುಚ್ಚಬೇಕು. ಪಕ್ಕದ ಬೀದಿಯ ದರ್ಜಿ ತಿಜಾನಿಯ ಕೈ ಸೀಮೆಎಣ್ಣೆ ನಾರುತ್ತಿತ್ತು.

“‘ಮಿಷನ್ ಒರೆಸಿದ ಎಣ್ಣೆ ಸಾರ್, ನೂಲು ಸಿಕ್ಕೊಂಡಿತ್ತು ಸಾರ್’ ಅಂದ. ನಿಜಾನೇ. ಹೋಗಿ ನೋಡಿದ್ದೆ, ಮಿಷನ್ನಿನಲ್ಲಿ ನೂಲು ಸಿಕ್ಕೊಂಡೇ ಇತ್ತು. ಎರಡು ದಿನ ಹೊಡೆದೆ. ಹನ್ನೊಂದು ವರ್ಷ ಒಳಗಿದ್ದ.” ಬುಸಾರಿ ತಟ್ಟೆ ಪಕ್ಕಕ್ಕೆ ಸರಿಸಿದ. “ನನ್ನ ಹೆಂಡತಿಗೂ ಹೇಳಿಲ್ಲ ಇದನ್ನ. ನಿನ್ನ ಮುಂದೆ ಯಾಕೆ ಬಾಯಿಬಿಟ್ಟೆನೋ.”

ಇಬಿದುನ್ ಅಂದೇ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಳು, ತಾರೀಖಿನ ಸಮೇತ. ಒಂದು ವಾರದಲ್ಲಿ ಕಂತು ಸಿದ್ಧವಾಯಿತು. ಅದರಲ್ಲಿ ಅರೆಮು ಮೊದಲ ಸಲ ತಪ್ಪುತ್ತಾನೆ. ಮೇಲಿನವರಿಗೆ ಹೆದರಿ ನಿರಪರಾಧಿ ದರ್ಜಿಯೊಬ್ಬನನ್ನು ಜೈಲಿಗೆ ಕಳಿಸುತ್ತಾನೆ, ಬೆಂಕಿ ಇಡಿಸಿದ ದೊಡ್ಡ ಮನುಷ್ಯನ ಎದುರು ಟೋಪಿ ತೆಗೆದು ನಿಲ್ಲುತ್ತಾನೆ, ಮನೆಗೆ ಬಂದು ನಲ್ಲಿಯ ಕೆಳಗೆ ಕೈ ತೊಳೆಯುತ್ತ ಅಳುತ್ತಾನೆ. ಓದಿ ಮುಗಿಸಿದ ಲಾವುಯಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. “ಅಕ್ಕಾ, ಆರು ವರ್ಷದಿಂದ ಬರೀ ಮೀಸೆ ತಿರುವಿದೀನಿ. ಈಗ ಒಂದು ಪಾತ್ರ ಕೊಟ್ರಿ.”

ಟೀವಿ ಕೇಂದ್ರದ ವ್ಯವಸ್ಥಾಪಕ ಕೋಕರ್ ಸಾಹೇಬರು ಅವಳನ್ನು ಕರೆಸಿದರು. ಲಾಗೋಸಿನವರು, ಮಾತು ಮೃದು, ಕೈಯಲ್ಲಿ ಸದಾ ಕರವಸ್ತ್ರ.

“ತುಂಬ ಚೆನ್ನಾಗಿದೆ ಇಬಿದುನ್. ಇಷ್ಟು ಚೆನ್ನಾಗಿ ಬರೀಬಾರದಿತ್ತು. ಬೆಂಕಿ ಇಡಿಸಿದೋನು ಯಾವ ಪಕ್ಷ?”

“ಯಾವ ಪಕ್ಷಾನೂ ಹೇಳಿಲ್ಲ ಸಾರ್.”

“ಅದೇ ಎಡವಟ್ಟು. ನೀನು ಹೇಳದಿದ್ರೆ ಜನ ತಾವೇ ತುಂಬ್ಕೋತಾರೆ. ಅರವತ್ತೈದು ಕಂಡೋರು ಇನ್ನೂ ಬದುಕಿದಾರೆ. ಆದಿಗುನ್ ಈಗ ಆಳೋ ಪಕ್ಷದಲ್ಲಿದಾನೆ, ಆಗಸ್ಟಿನಲ್ಲಿ ಚುನಾವಣೆಗೆ ನಿಂತಿದಾನೆ. ಸಚಿವಾಲಯದಿಂದ ಫೋನ್ ಬಂದಿತ್ತು. ಆ ದೊಡ್ಡ ಮನುಷ್ಯನ ತಲೆ ಮೇಲೆ ಒಂದು ಹಸಿರು ಟೋಪಿ ಇಟ್ರೆ ಪ್ರಸಾರ. ಇಲ್ಲಾಂದ್ರೆ ಬೀರು.”

ಹಸಿರು ಟೋಪಿ ಎದುರು ಪಕ್ಷದವರದು. ಇಬಿದುನ್ ಎರಡು ದಿನ ಮನೆಯಲ್ಲಿ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ನಡೆದಾಡಿದಳು. ಒಂದು ಟೋಪಿಗಾಗಿ ಇಡೀ ಸತ್ಯವನ್ನು ಬೀರುವಿನಲ್ಲಿ ಕೊಳೆಸುವುದೇ? ಪೊಲೀಸು ತಪ್ಪು ಮಾಡುತ್ತಾನೆ ಎಂಬುದಾದರೂ ಜನ ನೋಡಲಿ. ಮೂರನೆಯ ದಿನ ಹೋಗಿ “ಆಗಲಿ ಸಾರ್” ಎಂದಳು. ಹೇಳಿದ ಮೇಲೂ ಕಾಲು ನಿಲ್ಲಲಿಲ್ಲ.

ಜುಲೈ ನಡುವಿನ ಒಂದು ಬುಧವಾರ ಕಂತು ಬಂತು. ಲಾವುಯಿ ನಲ್ಲಿಯ ಕೆಳಗೆ ಕೈ ಉಜ್ಜುತ್ತ ಅತ್ತದ್ದಕ್ಕೆ ಊರಿಗೆ ಊರೇ ಅತ್ತಿತು. ಮರುದಿನ ಮಾರುಕಟ್ಟೆಯಲ್ಲಿ ಹೆಂಗಸರು ಅವನ ಬೆನ್ನು ಸವರಿ “ಹೋಗ್ಲಿ ಬಿಡಪ್ಪ, ನೀನೇನ್ ಮಾಡ್ತೀಯ” ಎಂದು ಗೆಣಸು, ಮೀನು ತುಂಬಿಸಿ ಕಳಿಸಿದರು. ಆದರೆ ಶುಕ್ರವಾರ ಬೆಳಗ್ಗೆ ಆಳುವ ಪಕ್ಷದ ವ್ಯಾನುಗಳು ಮೈಕು ಹಚ್ಚಿಕೊಂಡು ಹೊರಟವು: “ಅರೆಮು ಹೇಳಿದ್ದು ಕೇಳಿದ್ರಾ? ಮನೆಗೆ ಬೆಂಕಿ ಇಡೋರು ಯಾರು? ಹಸಿರು ಟೋಪಿಯೋರು!” ಪೇಟೆಯ ಒಂದು ವೃತ್ತದಲ್ಲಿ ಒಬ್ಬ ಮೆಕ್ಯಾನಿಕ್ಕನನ್ನು ಹಿಡಿದು ಹೊಡೆದರು. ಅವನು ಯಾವ ಪಕ್ಷಕ್ಕೂ ಸೇರಿದವನಲ್ಲ. ಮಾವ ಕೊಡಿಸಿದ ಟೋಪಿ ಹಸಿರಿತ್ತು, ಅಷ್ಟೇ. ಇಬಿದುನ್ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ನಿಂತು ಅವನ ಊದಿದ ಮುಖ ನೋಡಿ, ಒಳಗೆ ಹೋಗುವ ಧೈರ್ಯ ಬಾರದೆ ಹಿಂದಿರುಗಿದಳು.

ಸೋಮವಾರ ಬೆಳಗ್ಗೆ ಕೇಂದ್ರದ ಗೇಟಿಗೆ ಒಬ್ಬ ಬಂದ. ನಲವತ್ತೈದರ ಸಣಕಲು ಆಳು. ಕೊರಳಲ್ಲಿ ಅಳತೆಯ ಟೇಪು, ಅಂಗಿಯ ಅಂಚಿಗೆ ಸಾಲಾಗಿ ಚುಚ್ಚಿದ ಗುಂಡುಪಿನ್ನು. “ಬರೆದೋರನ್ನ ನೋಡ್ಬೇಕು” ಎಂದ. ಇಬಿದುನ್ ಹೊರಬಂದಳು. ಹೆಂಗಸೆಂದು ಅವನು ಎಣಿಸಿರಲಿಲ್ಲ. ಬೇವಿನ ಮರದ ಕೆಳಗಿನ ಕಲ್ಲು ತೋರಿಸಿದ. ಇಬ್ಬರೂ ಕೂತರು.

“ನಾನು ತಿಜಾನಿ. ಓಜೆಯ ದರ್ಜಿ.”

ಅವಳು ಕಲ್ಲಿನಿಂದ ಅರ್ಧ ಎದ್ದಳು.

“ಹೆದರ್ಬೇಡಿ ತಾಯಿ, ಜಗಳಕ್ಕೆ ಬಂದಿಲ್ಲ. ಒಂದು ಮಾತು ಕೇಳೋಣ ಅಂತ. ಮಿಷನ್ ಎಣ್ಣೆ, ಸಿಕ್ಕೊಂಡ ನೂಲು, ಅದನ್ನ ನಾನು ಒಬ್ಬನಿಗೇ ಹೇಳಿದ್ದು. ನನ್ನನ್ನ ಹೊಡೀತಿದ್ದೋನಿಗೆ. ಕೋರ್ಟಿನಲ್ಲಿ ಬಾಯಿ ತೆಗೆಯೋಕೇ ಬಿಡ್ಲಿಲ್ಲ. ಅಂದ್ಮೇಲೆ ಅವನು ಬದುಕಿದಾನೆ. ನಿಮಗೆ ಗೊತ್ತಿದಾನೆ.”

ಇಬಿದುನ್ ಹೌದೆಂದು ತಲೆಯಾಡಿಸಿದಳು. ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

ತಿಜಾನಿ ನೆಲ ನೋಡುತ್ತ ಹೇಳಿದ: “ನನ್ನ ಹೆಂಡತಿ ಸಿಕಿರಾ. ಜೈಲಿಂದ ಬಂದ್ಮೇಲೆ ಮದುವೆಯಾದೋಳು. ನಾನು ಮಾಡಿಲ್ಲ ಕಣೇ ಅಂತ ಆಣೆ ಇಟ್ಟು ಹೇಳಿದ್ದೆ. ಹೂಂ ಅಂತಿದ್ಲು, ಆದ್ರೆ ಅವಳ ಕಣ್ಣು ನಂಬ್ತಿರಲಿಲ್ಲ. ಬುಧವಾರ ನಿಮ್ಮ ಅರೆಮು ಅತ್ತ. ಅವಳು ನಂಬಿದ್ಲು. ಅದಕ್ಕೆ ನಿಮ್ಮ ಉಪಕಾರ ಮರೆಯೋಲ್ಲ. ಆದ್ರೆ ನಂಬಿ ಏನಂದ್ಲು ಗೊತ್ತಾ? ‘ಪಾಪ, ಆ ಇನ್ಸ್‌ಪೆಕ್ಟರ್ ಎಷ್ಟು ನೊಂದಿರ್ಬೇಕು!’ ವಠಾರದೋರೆಲ್ಲ ಅವನಿಗೇ ಅತ್ರು. ದರ್ಜಿಗೆ ನೀವು ಕೊಟ್ಟಿದ್ದು ನಾಲ್ಕೇ ಮಾತು ತಾಯಿ. ಎಣಿಸಿದೆ. ಅದ್ರಲ್ಲಿ ಮೂರು ‘ಸಾರ್’ ಅಂತ ಮುಗೀತವೆ. ಆಮೇಲೆ ಅವನನ್ನ ವ್ಯಾನಿಗೆ ಹತ್ತಿಸಿಬಿಟ್ರಿ. ವ್ಯಾನಿನ ಒಳಗೆ ಏನಾಯ್ತು ಅಂತ ಯಾರಿಗೂ ಬೇಡ.”

“ಬೇರೆ ಕಂತು ಬರೀತೀನಿ,” ಎಂದಳು ಇಬಿದುನ್. “ನಿಮ್ಮದೇ. ಪೂರ್ತಿ.”

“ಬೇಡ. ನನ್ನ ವೇಷ ಹಾಕ್ಕೊಂಡು ಇನ್ನೊಬ್ಬ ಅಳೋದು ಬೇಡ. ಅವನನ್ನ ಕರ್ಕೊಂಬನ್ನಿ. ಹಗಲು ಹೊತ್ತಿನಲ್ಲಿ, ನನ್ನ ಅಂಗಡಿಗೆ, ನನ್ನ ಬೀದಿಯೋರ ಮುಂದೆ. ಅಷ್ಟೇ ನನಗೆ ಬೇಕಾಗಿರೋದು. ಇನ್ನೊಂದು: ಬೆಂಕಿ ಇಡಿಸಿದೋನು ಹಸಿರು ಟೋಪಿ ಹಾಕ್ತಿರಲಿಲ್ಲ. ಅದು ನಿಮಗೂ ಗೊತ್ತು ಅಂತ ನಿಮ್ಮ ಮುಖಾನೇ ಹೇಳ್ತಿದೆ.”

ಆ ಸಂಜೆಯೇ ಅವಳು ಬುಸಾರಿಯ ಮನೆಗೆ ಹೋದಳು. ಮರದಡಿ ಗೆಳೆಯರ ಜೊತೆ ಅಯೋ ಮಣೆಯಾಟ ಆಡುತ್ತ, ಗುಳಿಯಿಂದ ಗುಳಿಗೆ ಬೀಜ ಹಂಚುತ್ತಿದ್ದ ಮುದುಕ ಅವಳ ಮಾತು ಕೇಳಿ ಮಣೆಯನ್ನೇ ಬೋರಲು ಹಾಕಿದ. ಗೆಳೆಯರು ಬೈಯುತ್ತ ಎದ್ದು ಹೋದರು.

“ಕಥೆ ಹೇಳಿದೆ ನಿನಗೆ! ಸಾಕ್ಷಿ ಹೇಳಲಿಲ್ಲ! ಹೆಂಗಸಿನ ಮುಂದೆ ಬಾಯಿ ತೆಗೆಯೋದೂ ಒಂದೇ, ಊರಬಾಗಿಲು ತೆಗೆಯೋದೂ ಒಂದೇ.”

“ಬೈಯಿರಿ ಬಾಬಾ. ಬೈದು ಮುಗಿದ ಮೇಲೆ ಶನಿವಾರ ಬರ್ತೀರಾ ಇಲ್ವಾ ಹೇಳಿ.”

ಬುಸಾರಿ ಚೆಲ್ಲಿದ ಬೀಜಗಳನ್ನು ಒಂದೊಂದಾಗಿ ಆರಿಸತೊಡಗಿದ. ಕೊನೆಯದು ಸಿಗಲಿಲ್ಲ. ಹುಡುಕುತ್ತಲೇ ಕೇಳಿದ: “ಹೆಂಗಿದಾನೆ? ಬೆರಳು ಆಡ್ತವಾ? ಹೊಲೀತಾನಾ?”

“ಹೊಲೀತಾರೆ.”

“ಬರ್ತೀನಿ. ಆದ್ರೆ ಲಾವುಯಿನೂ ಬರ್ಲಿ. ಅವನಿದ್ರೆ ಜನ ನನ್ನ ಮೇಲೆ ಕೈ ಮಾಡೋಲ್ಲ.”

ಶನಿವಾರ ಬೆಳಗ್ಗೆ ಹತ್ತಕ್ಕೆ ಮೂವರೂ ಓಜೆಯಲ್ಲಿ ಟ್ಯಾಕ್ಸಿ ಇಳಿದರು. ಕಾಲು ನೆಲಕ್ಕೆ ಸೋಕುವುದರೊಳಗೆ ಕೂಗೆದ್ದಿತು: “ಅರೆಮು! ಅರೆಮು ಬಂದ!” ಬೀದಿ ತುಂಬಿತು. ಒಬ್ಬಳು ಆಡು ಕಳವಾದ ದೂರು ಹೇಳಿದಳು, ಇನ್ನೊಬ್ಬಳು ಓಡಿಹೋದ ಅಳಿಯನ ಫೋಟೊ ತೋರಿಸಿದಳು. ಲಾವುಯಿ “ನೋಡೋಣಮ್ಮ, ನೋಡೋಣ” ಎನ್ನುತ್ತ ನಡುವೆ ಸಿಕ್ಕಿಕೊಂಡ. ನಿಜವಾದ ಪೊಲೀಸು ಜನರ ಮೊಣಕೈ ತಿವಿತ ತಿನ್ನುತ್ತ, ಯಾರ ಕಣ್ಣಿಗೂ ಬೀಳದೆ, ಅಂಗಡಿಯ ಮುಂದೆ ಬಂದು ನಿಂತ.

ತಿಜಾನಿ ಮಿಷನ್ನಿನಿಂದ ಎದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬುಸಾರಿಗೆ ಅರವತ್ತಾರು, ಮೊಣಕಾಲು ನೋವು. ಆದರೂ ಅವನು ಕೆಸರಿನಲ್ಲಿ ಮೊದಲು ಮಂಡಿಯೂರಿ, ಆಮೇಲೆ ಎದೆಯೂರಿ, ಉದ್ದಕ್ಕೆ ಮಲಗಿ ಹಣೆ ನೆಲಕ್ಕೆ ಹಚ್ಚಿದ. ಹಿರಿಯ ಕಿರಿಯನ ಕಾಲಿಗೆ ಬೀಳುವುದನ್ನು ಆ ಬೀದಿ ಕಂಡಿರಲಿಲ್ಲ.

“ನೀನು ಮಾಡಿರಲಿಲ್ಲ, ತಿಜಾನಿ,” ಎಂದ ಗಟ್ಟಿಯಾಗಿ. “ಗೊತ್ತಿದ್ದೇ ಹೊಡೆದೆ.”

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. “ಶೂಟಿಂಗು! ಶೂಟಿಂಗು ನಡೀತಿದೆ ಕಣ್ರೋ! ಕ್ಯಾಮರಾ ಎಲ್ಲಿ?” ಇಡೀ ಬೀದಿ ಚಪ್ಪಾಳೆ ಹೊಡೆಯಿತು. “ಮುದುಕ ಚೆನ್ನಾಗಿ ಮಾಡಿದ! ಇನ್ನೊಂದ್ಸಲ!” ಲಾವುಯಿ ಕೈ ಮೇಲೆತ್ತಿ “ನಾಟಕ ಅಲ್ಲ, ನಿಜ, ಇದು ನಿಜ!” ಎಂದು ಕೂಗಿದ. ಅರೆಮುವಿನ ದನಿಯಲ್ಲಿ ಬಂದ ಆ ಮಾತಿಗೆ ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ಹೊಡೆದರು.

ಇಬಿದುನ್‌ಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ತಿಜಾನಿ ಬಗ್ಗಿ ಮುದುಕನ ರಟ್ಟೆ ಹಿಡಿದು ಎತ್ತಿದ. “ಏಳಪ್ಪ. ಇವರಿಗೆ ಆಟ ಆಗಿದೆ. ಒಳಗೆ ಬಾ.”

ಒಳಗೆ ಪರದೆ ಎಳೆದು ಅವನು ಒಂದು ಬಿಳಿ ಕಾಗದ ತೆಗೆದ. “ಬಾಯಿಮಾತು ಇವರ ಕೈಲಿ ಹಂಗಾಯ್ತು. ಬರೆದು ಕೊಡು. ಆದಿಗುನ್ ಹೆಸರು ಸಮೇತ. ಕೋರ್ಟಿಗೆ ಕೊಡ್ತೀನಿ.”

ಬುಸಾರಿ ಎದೆಯ ಕೆಸರು ಒರೆಸಿಕೊಳ್ಳುತ್ತಿದ್ದ. ಕೈ ನಿಂತಿತು. “ಚುನಾವಣೆಗೆ ಎರಡು ವಾರ ಇದೆ. ಅವನ ಹುಡುಗರಿಗೆ ನನ್ನ ಮನೆ ಗೊತ್ತು. ಮನೇಲಿ ಮೊಮ್ಮಕ್ಕಳಿದಾವೆ ತಿಜಾನಿ. ನಿನ್ನ ಕಾಲಿಗೆ ಬೇಕಾದ್ರೆ ದಿನಾ ಬೀಳ್ತೀನಿ. ಇದೊಂದು ಕೇಳ್ಬೇಡ.”

ತಿಜಾನಿ ಕೂಗಾಡಲಿಲ್ಲ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎತ್ತಿ, ಊದಿ, ಯಾರದೋ ಮಗುವಿನ ಅಂಗಿಯ ಮೇಲೆ ಎಳೆಯತೊಡಗಿದ. ಲಾವುಯಿ ಕಣ್ಣು ತುಂಬಿಕೊಂಡು ಏನೋ ಹೇಳಲು ಬಾಯಿ ತೆರೆದ.

“ನೀನು ಮಾತ್ರ ಇನ್ನೊಂದ್ಸಲ ಅಳ್ಬೇಡ ಮಾರಾಯ,” ಎಂದ ತಿಜಾನಿ.

ಮೂವರೂ ಹೊರಬಿದ್ದರು. ಟ್ಯಾಕ್ಸಿ ಹತ್ತಿದರು. ಮೊಕೋಲಾದ ಹತ್ತಿರ ಇಬಿದುನ್ ಇದ್ದಕ್ಕಿದ್ದಂತೆ “ನಿಲ್ಸಿ” ಎಂದಳು. ಇಳಿದು ಇನ್ನೊಂದು ಗಾಡಿ ಹಿಡಿದು ಓಜೆಗೆ ಮರಳಿದಳು. ಅವಳ ಚೀಲದಲ್ಲಿ ಆ ಪುಸ್ತಕ ಇತ್ತು. ಬುಸಾರಿ ಮುದ್ದೆಯ ಮುಂದೆ ಕೂತು ಹೇಳಿದ ಪ್ರತಿ ಮಾತೂ ಅದರಲ್ಲಿತ್ತು. ಅವನ ಹೆದರಿಕೆ ತಪ್ಪು ಎನ್ನಲು ಅವಳಿಗೆ ಬಾಯಿರಲಿಲ್ಲ. ಟೋಪಿಗೆ ಒಪ್ಪಿದವಳು ತಾನೇ ಅಲ್ಲವೇ? ಆದರೆ ಕೇಳಿದ್ದನ್ನು ಕೇಳಿದ್ದೇನೆ ಎನ್ನಲು ಅವನ ಅಪ್ಪಣೆ ಬೇಕಿರಲಿಲ್ಲ.

ಸೋಮವಾರ ಅವಳೂ ತಿಜಾನಿಯೂ ಇಯಾಗಂಕುವಿನ ಕೋರ್ಟಿಗೆ ಹೋದರು. ಪ್ರಮಾಣಪತ್ರ ಬರೆಸುವ ಗುಮಾಸ್ತ ಆದಿಗುನ್ ಹೆಸರು ಬಂದಾಗ ಟೈಪು ನಿಲ್ಲಿಸಿ ಅವಳ ಮುಖ ನೋಡಿದ. “ಅಮ್ಮಾ, ಇದು ಹಂಗೇ ಇರ್ಲಾ?” “ಹಂಗೇ ಇರ್ಲಿ.” “ಟೋಪಿ ವಿಷಯಾನೂ?” “ಅದೂ ಇರ್ಲಿ. ಒಪ್ಪಿದೋಳು ನಾನೇ ಅಂತ್ಲೂ ಹಾಕಿ.”

ಮೂರನೆಯ ದಿನವೇ ಸುದ್ದಿ ಕೋಕರ್ ಸಾಹೇಬರನ್ನು ಮುಟ್ಟಿತು. ಅವರು ಬೈಯಲಿಲ್ಲ. ಕರವಸ್ತ್ರದಿಂದ ಮುಖ ಒರೆಸಿಕೊಂಡು, “ನಾನು ಇಪ್ಪತ್ತು ಜನರ ಅನ್ನ ಕಾಯ್ತಿದ್ದೆ ಇಬಿದುನ್. ನೀನು ಒಬ್ಬನ ಹೆಸರು ಕಾದೆ. ಯಾರು ಸರಿ ಅಂತ ನನ್ನ ಕೇಳ್ಬೇಡ,” ಎಂದರು. ಧಾರಾವಾಹಿ ನಿಂತಿತು. ಅವಳನ್ನು ಟೇಪುಗಳ ಉಗ್ರಾಣಕ್ಕೆ ಹಾಕಿದರು. ಹೊಸ ಟೇಪಿಗೆ ಕೊರತೆ, ಹಳೆಯದನ್ನೇ ಅಳಿಸಿ ಮತ್ತೆ ಬಳಸುತ್ತಿದ್ದರು. ಅಳಿಸುವ ಕೆಲಸ ಅವಳದು. ಒಂದು ದಿನ ಪಟ್ಟಿಯಲ್ಲಿ ಆ ಕಂತಿನ ಅಂಕೆಯೂ ಬಂತು. ಬಚ್ಚಿಡಬಹುದಿತ್ತು. ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದು, ಹಸಿರು ಟೋಪಿಯನ್ನೂ ಮೆಕ್ಯಾನಿಕ್ಕನ ಮುಖವನ್ನೂ ನೆನೆದು, ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದಳು. ಅದರಲ್ಲಿ ಲಾವುಯಿಯ ಜೀವಮಾನದ ನಟನೆಯೂ ಹೋಯಿತು. ಆ ವಿಷಯ ಅವನಿಗೆ ಅವಳು ಎಂದೂ ಹೇಳಲಿಲ್ಲ.

ಚುನಾವಣೆ ನಡೆಯಿತು. ಆದಿಗುನ್ ಗೆದ್ದ. ವರ್ಷದ ಕೊನೆಯ ದಿನ ಸೈನಿಕರು ಅಧಿಕಾರ ಹಿಡಿದು ಗೆದ್ದವರನ್ನೂ ಸೋತವರನ್ನೂ ಮನೆಗೆ ಕಳಿಸಿದರು. ಆದಿಗುನ್‌ನನ್ನು ಬೇರೆ ಯಾವುದೋ ಹಗರಣಕ್ಕೆ ಒಳಗೆ ಹಾಕಿದರು. ಜನವರಿಯ ಎರಡನೆಯ ವಾರ ಬುಸಾರಿ ಗರಿಗರಿ ಅಗ್ಬಾದಾ ನಿಲುವಂಗಿ ತೊಟ್ಟು ತಿಜಾನಿಯ ಅಂಗಡಿಗೆ ಬಂದ. ಕರೆ ಬಂತೆಂದು ಇಬಿದುನ್ ಕೂಡ ಹೋದಳು.

“ಈಗ ಬರೆದು ಕೊಡ್ತೀನಿ,” ಎಂದ ಮುದುಕ.

“ಈಗ ಬರೆದ್ರೆ ಏನು ಬಂತು ಬಾಬಾ?” ಎಂದಳು ಇಬಿದುನ್, ತಡೆಯಲಾರದೆ. “ಹುಲಿ ಬೋನಿಗೆ ಬಿದ್ಮೇಲೆ ಬಾಲ ಎಳೆಯೋಕೆ ಬಂದಂಗಾಯ್ತು.”

ತಿಜಾನಿ ಅವಳ ಕಡೆ ಕೈ ಮಾಡಿ ತಡೆದ. “ಇರ್ಲಿ ತಾಯಿ. ಅಗ್ಗದ ಬಟ್ಟೆನೂ ಮೈ ಮುಚ್ಚುತ್ತೆ. ಬರೀಲಿ.”

ಮುದುಕ ಎರಡು ಪುಟ ಬರೆದ. ಅರ್ಜಿ ಕೋರ್ಟಿನಿಂದ ಕೋರ್ಟಿಗೆ ಅಲೆದು ಎಂಬತ್ತೈದರ ಮಳೆಗಾಲದಲ್ಲಿ ಉತ್ತರ ಬಂತು. ಶಿಕ್ಷೆಯನ್ನು ರದ್ದುಪಡಿಸಲಾಗಿದೆ, ಅಷ್ಟೇ. ಹನ್ನೊಂದು ವರ್ಷದ ಬಗ್ಗೆ ಒಂದು ಅಕ್ಷರವಿರಲಿಲ್ಲ. ಸಿಕಿರಾ ಅದನ್ನು ವಠಾರದ ಪ್ರತಿ ಬಾಗಿಲಿಗೂ ಹೋಗಿ ಓದಿಸಿಕೊಂಡು ಬಂದಳು. ತಿಜಾನಿ ಒಂದು ದಿನ ಅಂಗಡಿ ಮುಚ್ಚಿ ಮಲಗಿದ.

ಕಾಗದ ಬಂದ ದಿನ ಬುಸಾರಿ ಕೇಳಿದ್ದನಂತೆ, “ಈಗಾದ್ರೂ ಕ್ಷಮಿಸಿದೆಯಾ?” ಎಂದು. “ಗೊತ್ತಿಲ್ಲ. ನಾಳೆ ಬಂದು ಕೇಳು,” ಎಂದಿದ್ದನಂತೆ ತಿಜಾನಿ. ಮುದುಕ ನಿಜವಾಗಿಯೂ ಮರುದಿನ ಬಂದ, ಅದರ ಮರುದಿನವೂ ಬಂದ. ಈಗ ಓಜೆಗೆ ಹೋದವರಿಗೆ ಕಾಣುತ್ತದೆ: ಒಬ್ಬ ಮಿಷನ್ ತುಳಿಯುತ್ತಿರುತ್ತಾನೆ, ಇನ್ನೊಬ್ಬ ಬೆಂಚಿನ ತುದಿಯಲ್ಲಿ ಕೂತು ಗುಂಡಿ ಹೊಲಿಯುತ್ತಿರುತ್ತಾನೆ. ಮಾತು ಕಡಿಮೆ. ಇಬಿದುನ್ ಸಂತೆಗೆ ಹೋಗುವಾಗ ಆ ಬೀದಿಯಲ್ಲೇ ಹೋಗುತ್ತಾಳೆ. ಅಂಗಡಿಯ ಎದುರು ಹೆಜ್ಜೆ ನಿಧಾನವಾಗುತ್ತದೆ. ತಿಜಾನಿ ತಲೆಯೆತ್ತಿ “ಒಳಗೆ ಬನ್ನಿ ತಾಯಿ” ಎನ್ನುತ್ತಾನೆ. ಕೆಲವು ದಿನ ಹೋಗುತ್ತಾಳೆ, ಕೆಲವು ದಿನ ಕೆಲಸವಿದೆ ಎಂದು ಸುಳ್ಳು ಹೇಳಿ ನಡೆದುಬಿಡುತ್ತಾಳೆ.